ಒಲೆಯ ಜಾಗದಲ್ಲಿ ನಿಂತ ಸಾಲದ ಸಾಹೇಬರು

ಗೆಳೆಯರೇ, ಮನೆ ಸಾಲ ಕೊಡುವ ಸರಕಾರಿ ಸಾಹೇಬರು ಇವತ್ತು ಕುಶಾಲನಗರದಲ್ಲಿ ನಮ್ಮ ನಿವೇಶನ ನೋಡಲು ಬಂದಿದ್ದರು. ನಾನು ಅಮ್ಮತ್ತಿ ಬಳಿಯ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ವಾಸ ತೋಟದವರು ಕೊಟ್ಟ ಮನೆಯಲ್ಲಿ. ಗೋಡೆಗೊಂದು ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕು. ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ಅದಕ್ಕೇ ನನ್ನ ಹೆಂಡತಿ ಗೌರಿ ಬೆಳಿಗ್ಗೆಯೇ ಬಂದು ಹುಲ್ಲು ಕಿತ್ತು, ಖಾಲಿ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಕೋಣೆಗಳ ಗೆರೆ ಎಳೆದಿದ್ದಳು.

ಸಾಹೇಬರು ಬೂಟು ಹಾಕಿಕೊಂಡೇ ಒಳಗೆ ಬಂದರು.

"ಅಲ್ಲಿ ನಿಲ್ಬೇಡಿ ಸ್ವಾಮಿ, ಅದು ಒಲೆ ಇಡೋ ಜಾಗ," ಎಂದಳು ಗೌರಿ.

ಅವರು ಗಾಬರಿಯಾಗಿ ಪಕ್ಕಕ್ಕೆ ಸರಿದರು. "ಕೊಡಗು ಮೈಸೂರು ರಾಜ್ಯಕ್ಕೆ ಸೇರಿತಲ್ಲ, ಈಗ ಅಲ್ಲಿನ ನಿಯಮ ಕಣಮ್ಮಾ. ಮೊದಲು ನಿಮ್ಮ ಖರ್ಚಲ್ಲೇ ಪಾಯ ಎಬ್ಬಿಸಿ. ಆಮೇಲೆ ಸಾಲದ ಕಂತು ಬರುತ್ತೆ."

"ಪಾಯ ಹಾಕೋಕೆ ದುಡ್ಡಿಲ್ಲ ಅಂತ ತಾನೇ ಸಾಲ ಕೇಳಿದ್ದು?"

ಸಾಹೇಬರು ಫೈಲು ಮುಚ್ಚಿ ಕಂಕುಳಲ್ಲಿಟ್ಟುಕೊಂಡರು. ಹೋಗುವಾಗ ಮಾತ್ರ ಗೆರೆ ತುಳಿಯದೆ, ಬಾಗಿಲಿಗೆಂದು ಬಿಟ್ಟಿದ್ದ ಜಾಗದಿಂದಲೇ ಹೊರಗೆ ನಡೆದರು.

"ಏಳು, ಬಸ್ಸಿಗೆ ಹೊತ್ತಾಯ್ತು," ಎಂದೆ. ಗೌರಿ ಆಗಲೇ ಹಜಾರದ ನಡುವೆ ಕೂತಿದ್ದಳು. "ಸ್ವಲ್ಪ ಕೂತ್ಕೊಳ್ಳಿ. ಕಿಟಕಿ ಈ ಕಡೆ ಇಟ್ರೆ ಹೊಳೆ ಗಾಳಿ ಬರುತ್ತೆ, ನೋಡಿ."

ಕೂತೆ. ಗಾಳಿ ನಿಜಕ್ಕೂ ಬರುತ್ತಿತ್ತು. ಇಬ್ಬರಿಗೂ ಏಳಲು ಮನಸ್ಸಾಗಲಿಲ್ಲ.

ಸ್ವಂತ ಮನೆಯಲ್ಲಿ ಕೂತು ಬಸ್ಸು ತಪ್ಪಿಸಿಕೊಂಡದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು.