ಎಡಗೈಗೆ ಒಂದು ಹಲಗೆ

ನನ್ನ ಮೊಮ್ಮಗಳು ಬಿಡಿಸಿದ ಆನೆ ಪುಸ್ತಕದಲ್ಲಿ ಅಚ್ಚಾಗುತ್ತದೆ! ಒಂದು ಆನೆಯಲ್ಲ, ಪುಸ್ತಕದ ತುಂಬ ಆನೆ. ಮಕ್ಕಳ ಕಥೆಪುಸ್ತಕ ಮಾಡುವವರು ಬೆಳಿಗ್ಗೆ ಫೋನ್ ಮಾಡಿ ಹೇಳಿದರು. ನಾನು ಟೊಮೇಟೊ ಗಿಡಕ್ಕೆ ಕಡ್ಡಿ ನೆಡುತ್ತಿದ್ದೆ. ಅವಳು ಬದುವಿನ ಮೇಲೆ ಓಡಿ ಬಂದು, "ತಾತಾ, ಒಪ್ಕೊಂಬುಟ್ರು!" ಎಂದಳು. ಕೈಯಲ್ಲಿದ್ದ ಕಡ್ಡಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಪಕ್ಕದ ತೋಟದವನಿಗೆ ಕೂಗಿ ಹೇಳಿದೆ, ಡೈರಿಯಲ್ಲಿ ಹಾಲು ಅಳೆಯುವವನಿಗೆ ಹೇಳಿದೆ, ಉದ್ದನಪಲ್ಲಿಯಲ್ಲಿ ಹತ್ತಿದ ಬಸ್ಸಿನ ಕಂಡಕ್ಟರಿಗೂ ಹೇಳಿದೆ.

ಇಂಥ ದಿನವೇ ಹೊಸೂರಿನ ಒಬ್ಬ ಅಂಗಡಿಯವನು ನನ್ನ ಮೈ ಉರಿಯುವಂತೆ ಮಾಡಿದನಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು, ಬರವಣಿಗೆಯಲ್ಲಿ ತಪ್ಪಿದ್ದರೆ ಇರಲಿ. ಸಿಟ್ಟಿನಲ್ಲಿ ತಪ್ಪಿಲ್ಲ.

ಅವಳು ಕಾಗದದ ಮೇಲೆ ಬರೆದ ಆನೆ ಪುಸ್ತಕದವರಿಗೆ ಹಿಡಿಸಿತ್ತು. ರಾಗಿ ಹೊಲಕ್ಕೆ ನುಗ್ಗಿ ಬಂದಾಗ ನಮ್ಮೂರಿನವರೆಲ್ಲ ಪಟಾಕಿ ಹೊಡೆದು ಓಡಿಸಿದ ಆನೆ ಅದು. ಆದರೆ ಪುಸ್ತಕದ ಚಿತ್ರಗಳನ್ನು ಕಂಪ್ಯೂಟರಿನಲ್ಲೇ ಬರೆಯಬೇಕಂತೆ, ಮೊದಲ ಮೂರನ್ನು ಭಾನುವಾರದೊಳಗೆ ಕಳಿಸಬೇಕಂತೆ. ಸರ್ಕಾರ ಕೊಟ್ಟ ಲ್ಯಾಪ್‌ಟಾಪ್ ಮನೆಯಲ್ಲಿತ್ತು. ಅದಕ್ಕೆ ಜೋಡಿಸಿ ಚಿತ್ರ ಬರೆಯುವ ಹಲಗೆ, ಡ್ರಾಯಿಂಗ್ ಟ್ಯಾಬ್ಲೆಟ್ ಅಂತಾರೆ, ಅದು ಇರಲಿಲ್ಲ. ಅದು ಸಿಗದಿದ್ದರೆ ಆ ಕೆಲಸ ಇನ್ನೊಬ್ಬರ ಪಾಲು. ಅದಕ್ಕೇ ಬಿಸಿಲು ನೋಡದೆ ಇಬ್ಬರೂ ಹೊಸೂರಿಗೆ ಹೊರಟೆವು.

ಮೊದಲ ಅಂಗಡಿ ದೊಡ್ಡದು, ತಣ್ಣಗಿತ್ತು. ಟ್ಯಾಬ್ಲೆಟ್ ಬೇಕು ಎಂದಿದ್ದಕ್ಕೆ ಅಂಗಡಿಯವನು ಮಣೆಯಷ್ಟಗಲದ ಫೋನಿನಂಥದ್ದೊಂದು ತಂದಿಟ್ಟ. ಸಿನಿಮಾ ನೋಡಬಹುದು, ಆಟ ಆಡಬಹುದು ಎಂದು ಶುರು ಮಾಡಿದ. "ಚಿತ್ರ ಬರೆಯೋದು ಬೇಕಣ್ಣಾ" ಎಂದಳು ಇವಳು. ತುದಿಗೆ ರಬ್ಬರು ಇರುವ ಒಂದು ಪೆನ್ನು ಕೊಟ್ಟ. ಇವಳು ಎಡಗೈಯಲ್ಲಿ ಹಿಡಿದು ಎಳೆದಳು. ಒತ್ತಿ ಎಳೆದರೂ ಅದೇ ಗೆರೆ, ತೇಲಿಸಿ ಎಳೆದರೂ ಅದೇ ಗೆರೆ. ಅಂಗೈ ತಾಗಿದ ಕಡೆಯೆಲ್ಲ ಕಪ್ಪು ಮಸಿ ಬಳಿದ ಹಾಗಾಯಿತು.

ಆಗ ಅವನು ನಕ್ಕು ತಮಿಳಿನಲ್ಲಿ, "ಎನ್ನ ಪಾಪಾ, ಪೀಚಾಂಗೈಯಾ?" ಎಂದ.

ಗಡಿಯ ಈ ಕಡೆ ಬಾಳುವವರಿಗೆ ಆ ಮಾತು ಗೊತ್ತು. ಎಡಗೈಯವರನ್ನು ಹೀಯಾಳಿಸುವ ಮಾತು. ಕುಂಡಿ ತೊಳೆಯುವ ಕೈಯಲ್ಲಿ ಬರೆಯುತ್ತೀಯಾ ಎಂದು ಕೇಳಿದ ಹಾಗೆ. ಪುಸ್ತಕಕ್ಕೆ ಚಿತ್ರ ಬರೆಯಲು ಹೊರಟ ಹುಡುಗಿಗೆ, ಅವಳ ತಾತನ ಎದುರಿಗೆ! ಇವಳು ಪೆನ್ನು ಕೆಳಗಿಟ್ಟು ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡಳು. ಅವನು ಕನ್ನಡಕ್ಕೆ ತಿರುಗಿ, "ಬಲಗೈಲಿ ಬರೀಮ್ಮಾ, ಸರಿಯಾಗಿ ಬರ್ತದೆ. ಮಾಲಿನಲ್ಲಿ ತಪ್ಪಿಲ್ಲ" ಎಂದ.

ನಾನೂ ಎಡಗೈಯವನೇ. ಮೇಷ್ಟ್ರು ನನ್ನ ಎಡಗೈಯನ್ನು ಬೆಂಚಿನ ಕಾಲಿಗೆ ಟವೆಲ್ಲಿನಿಂದ ಕಟ್ಟಿ ಬಲಗೈಗೆ ಬಳಪ ಕೊಡುತ್ತಿದ್ದರು. ಅಕ್ಷರ ನನಗೆ ಅಲ್ಲಿಗೇ ಸಾಕಾಯಿತು. ಹೊಲಕ್ಕೆ ಬಂದರೆ ಕುಡುಗೋಲಿನ ಹಲ್ಲು ಬಲಗೈಯವರಿಗೆ. ನಾನು ರಾಗಿ ಕೊಯ್ದರೆ ಪೈರು ತುಂಡಾಗದೆ ಬೇರುಸಮೇತ ಕಿತ್ತು ಬರುತ್ತಿತ್ತು. ಎಲ್ಲರೂ ನನ್ನನ್ನೇ ಬೈದರು. ನಮ್ಮಪ್ಪ ಒಬ್ಬನೇ ಕುಡುಗೋಲನ್ನು ಬೈದು, ಕುಲುಮೆಯವನ ಹತ್ತಿರ ಹಲ್ಲು ತಿರುಗಿಸಿ ಹಾಕಿಸಿಕೊಟ್ಟ. ಆಮೇಲೆ ಸಾಲಿನಲ್ಲಿ ನಾನೇ ಮುಂದು.

"ಅಣ್ಣಾ, ಆ ಪೆನ್ನು ನಿನ್ ಬಲಗೈಲಿ ಹಿಡ್ಕೊ. ಒತ್ತಿ ಎಳಿ" ಎಂದೆ.

"ಯಾಕೆ ಪೆರಿಯವರೇ?"

"ಎಳಿಯಪ್ಪಾ, ನೋಡಾಣ."

ಎಳೆದ. ಅದೇ ಗೆರೆ. ಅವನ ಅಂಗೈ ತಾಗಿದ ಕಡೆಯೂ ಅದೇ ಮಸಿ.

"ನಿಂದೂ ಆ ಕೈಯೇ ಏನು?" ಎಂದೆ. ಅಲ್ಲಿದ್ದವರು ಯಾರೋ ಕಿಸಕ್ಕೆಂದರು. ಅವನ ಮುಖ ಕೆಂಪಾಯಿತು. ಇವಳು ನನ್ನ ಅಂಗಿ ಜಗ್ಗಿ, "ನಡಿ ತಾತಾ, ಸಾಕು" ಎಂದಳು. ನನಗೆ ಸಾಕಾಗಿರಲಿಲ್ಲ. ಮೆಟ್ಟಿಲು ಇಳಿಯುವ ತನಕ ಬೈದೆ, ಇಳಿದ ಮೇಲೂ ಬೈದೆ.

ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸಣ್ಣ ಅಂಗಡಿ. ಒಬ್ಬಳು ಹೆಂಗಸು ಸ್ಕ್ರೂ ಬಿಚ್ಚುತ್ತ ಕೂತಿದ್ದಳು. ಕೇಳಿದ್ದಕ್ಕೆ ಒಂದು ಕಪ್ಪು ಹಲಗೆ ತೆಗೆದು ಕೊಟ್ಟಳು. ಅದರಲ್ಲಿ ಗಾಜಿಲ್ಲ, ಬೆಳಕಿಲ್ಲ. ಪೆನ್ನು ಹಲಗೆಯ ಮೇಲೆ ಆಡಿದರೆ ಗೆರೆ ಕಂಪ್ಯೂಟರಿನಲ್ಲಿ ಬೀಳುತ್ತದೆ. ಅಂಗೈ ತಾಗಿದರೆ ಮಸಿಯಾಗಲಿಲ್ಲ. ಇವಳ ಮುಖ ಅರಳಿತು, ಮತ್ತೆ ಬಾಡಿತು. ಹಲಗೆಯ ಎಡಬದಿಗೆ ಸಾಲಾಗಿ ಗುಂಡಿಗಳಿದ್ದವು. ಇವಳ ಮಣಿಕಟ್ಟು ಅದರ ಮೇಲೇ ಕೂತು, ಬರೆದದ್ದೆಲ್ಲ ಅಳಿಸಿ ಹೋಗುತ್ತಿತ್ತು.

"ಇದೂ ಬಲಗೈಯವ್ರಿಗೇ" ಎಂದಳು ಮೊಮ್ಮಗಳು. 

"ಎಡಗೈಯವ್ರಿಗೆ ಬೇರೆ ಮಾಡಲ್ವೇನವ್ವಾ? ನಾವೇನು ಮನುಷ್ಯರಲ್ವಾ?" ಎಂದು ಆ ಹೆಂಗಸಿನ ಮೇಲೂ ಕೂಗಾಡಿದೆ.

ಅವಳು ಸಿಟ್ಟಾಗಲಿಲ್ಲ. "ಯಜಮಾನ್ರೇ, ಬೇರೆ ಬೇಕಾಗಿಲ್ಲ. ತಿರುಗ್ಸಿ ಮಡಗಿ" ಎಂದಳು. ಹಲಗೆಯನ್ನು ಮೇಜಿನ ಮೇಲೇ ಅರ್ಧ ಸುತ್ತು ತಿರುಗಿಸಿದಳು. ಗುಂಡಿಗಳು ಬಲಕ್ಕೆ ಹೋದವು. ಕಂಪ್ಯೂಟರಿನಲ್ಲಿ ಎಡಗೈ ಎಂದು ಒತ್ತಿದಳು, ಅಷ್ಟೇ. ಮೊಮ್ಮಗಳು ಒತ್ತಿ ಎಳೆದಳು, ಆನೆಯ ಕಾಲು ದಪ್ಪಗೆ ಬಂತು. ಕೈ ಹಗುರ ಮಾಡಿದಳು, ಬಾಲದ ಕೂದಲು ಬಂತು.

ನಾನು ಕಣ್ಣು ಒರೆಸಿಕೊಂಡು ಹಲಗೆಗೆ ದುಡ್ಡು ಎಣಿಸಿ ಕೊಟ್ಟೆ. ಆಮೇಲೆ ಮೊದಲಿನ ಅಂಗಡಿಯವನ ನೆನಪಾಗಿ ಮತ್ತೆ ಸಿಟ್ಟು ಬಂತು. ಸರಿಯಾದ ಹಲಗೆ ಕೊಟ್ಟು ತಿರುಗಿಸಿ ಇಡುವಷ್ಟು ಕೆಲಸ, ಅದಕ್ಕೆ ಒಂದು ಹುಡುಗಿಯ ಕೈಯನ್ನೇ ಬೈದನಲ್ಲ!

ಸಂಜೆ ಫ್ಯಾಕ್ಟರಿಯಿಂದ ಮಗ ಬಂದ ಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ನನ್ನ ಹೆಂಡತಿ ಮುದ್ದೆ ಬಡಿಸಿದಳು, ಸೊಸೆ ಅವರೆಕಾಳಿನ ಸಾರು ಬಿಟ್ಟಳು. ಮೊಮ್ಮಗಳು ಬಲಗೈಯಲ್ಲಿ ಮುದ್ದೆ ಮುರಿಯುತ್ತ, ಲ್ಯಾಪ್‌ಟಾಪಿಗೆ ಜೋಡಿಸಿ ಪಕ್ಕದಲ್ಲಿಟ್ಟ ಹಲಗೆಯ ಮೇಲೆ ಎಡಗೈಯಲ್ಲಿ ಸೊಂಡಿಲು ಎಳೆಯುತ್ತಿದ್ದಳು.

"ಉಣ್ಣೋವಾಗಾದ್ರೂ ಅದನ್ನ ಎತ್ತಿಡೇ" ಎಂದು ಮಗ ಗದರಿದ.

"ಅವ್ಳ ಬಲಗೈ ಉಣ್ತಾ ಐತೆ, ಎಡಗೈ ಭಾನುವಾರದ ಕೆಲ್ಸ ಮಾಡ್ತಾ ಐತೆ. ನಿನ್ ಎಡಗೈ ಏನ್ ಮಾಡ್ತಾ ಐತ್ಲಾ?" ಎಂದೆ.

ಅವನು ಮಂಡಿಯ ಮೇಲೆ ಸುಮ್ಮನೆ ಬಿದ್ದಿದ್ದ ತನ್ನ ಕೈ ನೋಡಿಕೊಂಡ. ಸೊಸೆಗೆ ನಗು ತಡೆಯಲಾಗದೆ ಸೌಟು ಜಾರಿತು. "ಕಿರಿಚ್ಬೇಡ, ತಣ್ಣಗಾಯ್ತದೆ, ಉಣ್ಣು" ಎಂದು ಹೆಂಡತಿ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಎಲ್ಲರೂ ಉಂಡೆವು.