ಮುಧೋಳ–ರಬಕವಿ ಗೆರೆಯ ಮೇಲಿನ ಬೇವಿನ ಮರ

ನಿವೃತ್ತಿಗೆ ಮುಂಚಿನ ನನ್ನ ಕೊನೆಯ ಪೋಸ್ಟಿಂಗ್ ಜಮಖಂಡಿಯಲ್ಲಿ. ಮೂರು ವರ್ಷದ ಹಿಂದಿನ ಮಾತು. ಮೊಬೈಲ್ ಕಂಪನಿಯೊಂದರ ಎಂಜಿನಿಯರ್ ಆಗಿ ಮೈಕ್ರೋವೇವ್ ಲಿಂಕ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಲಿಂಕ್ ಎಂದರೆ ಎರಡು ಟವರ್‌ಗಳ ಮೇಲೆ ಒಂದನ್ನೊಂದು ನೋಡುತ್ತ ನಿಂತ ಎರಡು ಡಿಶ್‌ಗಳು. ನಡುವೆ ತಂತಿ ಇರುವುದಿಲ್ಲ, ಫೋನಿನ ಮಾತೆಲ್ಲ ಗಾಳಿಯಲ್ಲೇ ದಾಟುತ್ತದೆ. ಮುಧೋಳದಿಂದ ರಬಕವಿಗೆ ಮಹಾಲಿಂಗಪುರದ ಮೇಲೆ ಹೋದರೆ ರಸ್ತೆ ಸುಮಾರು ಮೂವತ್ತು ಕಿಲೋಮೀಟರ್. ಗಾಳಿಯಲ್ಲಿ ಇಪ್ಪತ್ತನಾಲ್ಕರ ಆಸುಪಾಸು. ನಮಗೆ ಬೇಕಾದದ್ದು ಈ ಎರಡನೆಯ ಲೆಕ್ಕ. ರಸ್ತೆಯ ದೂರ ಜೀಪಿನ ಡೀಸೆಲ್‌ಗಷ್ಟೇ ಬೇಕಾಗುತ್ತಿತ್ತು.

ಆ ಮಳೆಗಾಲದಲ್ಲಿ ಈ ಲಿಂಕ್ ಮೇಲಿಂದ ಮೇಲೆ ಬೀಳತೊಡಗಿತು, ಅಂದರೆ ಸಿಗ್ನಲ್ ಕಡಿದುಹೋಗತೊಡಗಿತು. ನೇಕಾರರ ಊರಾದ ರಬಕವಿಯಲ್ಲಿ ನಮ್ಮ ಫೋನ್‌ಗಳು ಸತ್ತರೆ ಸೀರೆಯ ಆರ್ಡರ್ ನಿಲ್ಲುತ್ತದೆ, ಆಂಬುಲೆನ್ಸ್‌ಗೆ ಮಾಡಿದ ಕರೆಯೂ ಹೋಗುವುದಿಲ್ಲ. ಒಮ್ಮೆ ಹೀಗೆ ಕರೆ ಹೋಗದೆ, ಹೆರಿಗೆ ನೋವು ಬಂದ ಸೊಸೆಯನ್ನು ನೇಕಾರರೊಬ್ಬರು ಟಂಟಂ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರು. ಪುಣ್ಯಕ್ಕೆ ತಾಯಿ, ಮಗು ಇಬ್ಬರೂ ಉಳಿದರು. ಆಮೇಲೆ ಅವರು ನಮ್ಮ ಕಚೇರಿಗೆ ಬಂದು, ಬೈಯದೆ, ಕಾರಣವನ್ನಷ್ಟೇ ಕೇಳಿದರು. ನನಗೆ ಗೊತ್ತಿರಲಿಲ್ಲ.

ಮಳೆಯೇ ಕಾರಣ ಎಂದರು ಮೇಲಧಿಕಾರಿ. ಜೋರು ಮಳೆ ಸಿಗ್ನಲ್ ನುಂಗುವುದು ನಿಜ. ಆದರೆ ಇಲ್ಲಿ ಮಳೆ ನಿಂತು ಬಿಸಿಲು ಬಿದ್ದ ಮೇಲೂ ಲಿಂಕ್ ಏಳುತ್ತಿರಲಿಲ್ಲ. ಗಾಳಿ ಬೀಸಿದ ದಿನ ಮಾತ್ರ ಬೇಗ ಏಳುತ್ತಿತ್ತು. ಇದು ನನ್ನ ತಲೆ ಕೊರೆಯಿತು. ಹಾದಿಯಲ್ಲಿ ಏನೋ ತೊಯ್ದು, ಒಣಗುತ್ತಿರಬೇಕು.

ನಕ್ಷೆಯ ಮೇಲೆ ಎರಡೂ ಟವರ್‌ಗಳ ನಡುವೆ ಗೆರೆ ಎಳೆದು, ಅದರ ಕೆಳಗಿನ ನೆಲ ನೋಡಲು ಹೊರಟೆ. ಗೆರೆ ನೇರವಾಗಿತ್ತು, ನಾನು ಮಾತ್ರ ಕಾಲುವೆ ಬಳಸಿ, ಬದು ಹತ್ತಿ, ಕಬ್ಬಿನ ನಡುವೆ ದಾರಿ ತಪ್ಪಿ ಅಲೆದೆ. ಕೊನೆಗೆ ಒಂದು ದಿಬ್ಬದ ನೆತ್ತಿಯಲ್ಲಿ ದೊಡ್ಡ ಬೇವಿನ ಮರ ಸಿಕ್ಕಿತು. ಲಿಂಕ್ ಹಾಕಿದಾಗ ಗಿಡ್ಡಗಿದ್ದಿರಬೇಕು. ಈಗ ಅದರ ತಲೆ ಸರಿಯಾಗಿ ಹಾದಿಗೆ ಅಡ್ಡ ಬಂದಿತ್ತು. ಒಣ ಎಲೆಗಳನ್ನು ಹೇಗೋ ದಾಟುತ್ತಿದ್ದ ಸಿಗ್ನಲ್ ತೊಯ್ದ ಎಲೆಗಳಲ್ಲಿ ಉಡುಗಿಹೋಗುತ್ತಿತ್ತು.

ಹೊಲ ಗಂಗವ್ವ ಎಂಬ ಹಿರಿಯ ಹೆಂಗಸಿನದು. ನಾನು ವಿಷಯ ವಿವರಿಸಿದಾಗ ಅವರು ಮರವನ್ನೇ ಬಹಳ ಹೊತ್ತು ನೋಡಿದರು.

“ಅಷ್ಟು ಮಂದಿ ಮಾತು ಈ ಗಿಡದಾಗ ಹಾಯ್ದು ಹೋಗತಾವೇನ, ಯವ್ವಾ? ನನಗ ಒಂದೂ ಕೇಳಿಲ್ಲಲ್ಲ.”

ಕಡಿಯಲು ಒಪ್ಪಿದರೆ ಪರಿಹಾರ ಕೊಡಿಸುತ್ತೇನೆ ಎಂದೆ. ಅವರು ಒಪ್ಪಲಿಲ್ಲ.

“ಕಬ್ಬು ಕಡಿಯಾಕ ಬರೋ ಹೆಣ್ಮಕ್ಕಳು ಇದಕ್ಕ ಜೋಳಿಗಿ ಕಟ್ಟಿ ಕೂಸು ಮಲಗಸ್ತಾರ. ಈ ಸುತ್ತಿನಾಗ ಬ್ಯಾರೆ ನೆಳ್ಳಿಲ್ಲ. ಗಿಡ ಹೋದ್ರ ಅವ್ರು ಕೂಸು ಎಲ್ಲಿ ಮಲಗಸಬೇಕು?”

ನಾನು ಟಂಟಂನಲ್ಲಿ ಹೋದ ಗರ್ಭಿಣಿಯ ಕಥೆ ಹೇಳಿದೆ. ಗಂಗವ್ವ ತುದಿಯ ಟೊಂಗೆಗಳನ್ನಷ್ಟೇ ಸವರಿಕೊಳ್ಳಲು ಒಪ್ಪಿ, ಬುಡಕ್ಕೆ ಕೈ ಹಚ್ಚಬಾರದು ಎಂದರು.

ಮರವನ್ನು ಪೂರ್ತಿ ತೆಗೆಸಿಬಿಡಿ, ಅಗ್ಗವಾಗುತ್ತದೆ ಎಂದು ಮೇಲಧಿಕಾರಿ ಒತ್ತಾಯಿಸಿದರು. ರಬಕವಿ ಟವರ್‌ನ ಡಿಶ್ ಅನ್ನು ಮೇಲಕ್ಕೇರಿಸಿದರೆ ಸಾಕು, ಮರ ಇನ್ನೂ ಬೆಳೆದರೂ ತೊಂದರೆಯಿಲ್ಲ ಎಂದು ನಾನು ಲೆಕ್ಕ ಮಾಡಿ ತೋರಿಸಿದೆ. ಟವರ್‌ನ ಬಲ ಪರೀಕ್ಷಿಸಿ, ಮಂಜೂರಾತಿ ಸಿಕ್ಕು, ಡಿಶ್ ಮೇಲೇರುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಅಲ್ಲಿಯವರೆಗೆ ಮರದ ತುದಿ ಸವರಿಸಿದ್ದರಿಂದಲೇ ಲಿಂಕ್ ಹೇಗೋ ಉಸಿರಾಡಿತು.

ಮರುವರ್ಷ ಮುಂಗಾರಿನ ಶುರುವಿಗೆ ಮಿರಗದ ಮಳೆ ಹಿಡಿದ ದಿನ ಬೇಕೆಂದೇ ರಬಕವಿಗೆ ಹೋದೆ. ಲಿಂಕ್ ಬೀಳದೆ ಗಟ್ಟಿಯಾಗಿ ನಿಂತಿತ್ತು. ಅಲ್ಲಿಂದಲೇ ಗಂಗವ್ವನಿಗೆ ಫೋನ್ ಮಾಡಿ, ನಿಮ್ಮಲ್ಲೂ ಮಳೆಯೇ ಎಂದು ಕೇಳಿದೆ.

“ಗಿಡ ತೊಯ್ದು ನೀರು ಸುರಿಯಾಕತ್ತೈತಿ, ಯವ್ವಾ,” ಎಂದರು. “ನಿನ್ನ ಮಾತೂ ಸ್ವಚ್ಛ ಕೇಳಾಕತ್ತೈತಿ.”

ಗಾಳಿಯ ಹಾದಿ ಖಾಲಿ ಎಂದುಕೊಂಡೇ ನಾನು ಈ ಕೆಲಸ ಕಲಿತಿದ್ದೆ. ಅದರ ಕೆಳಗೂ ಜನ ಬದುಕುತ್ತಾರೆ, ಅವರ ಮರಗಳು ಬೆಳೆಯುತ್ತಿರುತ್ತವೆ. ಬೀಳಗಿಯ ಕಡೆಗೆ ನಾನು ಹಾಕಿಸಿದ ಕೊನೆಯ ಲಿಂಕ್‌ಗೆ, ಮೊದಲು ಹೊಲಗಳಲ್ಲಿ ಓಡಾಡಿ, ಯಾರ ಗಿಡ ಎಷ್ಟು ಎತ್ತರ ಹೋಗುತ್ತದೆ ಎಂದು ಕೇಳಿಕೊಂಡು ಬಂದು, ಆಮೇಲೆ ಡಿಶ್‌ನ ಎತ್ತರ ಗೊತ್ತುಮಾಡಿದೆ.