ಎಷ್ಟು ಕರೀತದೆ ನಿಮ್ಮ ಹಸ?

ಯತೀಶ್ ನಮ್ಮ ವಿಭಾಗದ ಅತಿಥಿ ಉಪನ್ಯಾಸಕ. ಎಂಟು ವರ್ಷದಿಂದ ಅತಿಥಿ. ಮನೆಗೆ ಬಂದ ಅತಿಥಿ ಎಂಟು ದಿನ ಉಳಿದರೆ ನಾವು ಅವನ ಕೈಗೆ ತರಕಾರಿ ಚೀಲ ಕೊಟ್ಟು ಮನೆಯವನನ್ನಾಗಿ ಮಾಡಿಕೊಳ್ಳುತ್ತೇವೆ. ಕಾಲೇಜು ಹಾಗಲ್ಲ. ಪ್ರತಿವರ್ಷ ವಿಭಾಗದ ಮುಖ್ಯಸ್ಥರು ‘ಇವರನ್ನು ಮುಂದುವರಿಸಬಹುದು’ ಎಂದು ಆಡಳಿತ ಮಂಡಳಿಗೆ ಪತ್ರ ಬರೆದರೆ ಮುಂದಿನ ವರ್ಷವೂ ಆತ ಬರುತ್ತಾನೆ, ಬರೆಯದಿದ್ದರೆ ಇಲ್ಲ. ಆ ಮುಖ್ಯಸ್ಥ ನಾನು. ಈ ವರ್ಷ ಆ ಪತ್ರ ಬರೆಯದೆ ಇರಲು ನಾನು ಪಟ್ಟ ಶ್ರಮ ನನ್ನ ಪಿಎಚ್.ಡಿ.ಗೂ ಪಟ್ಟಿರಲಿಲ್ಲ.

ಆತಗೂರಿನ ಹತ್ತಿರದ ಹಳ್ಳಿ ಅವನದು. ಬೆಳಗ್ಗೆ ಐದಕ್ಕೆ ಎದ್ದು ತಾಯಿ ಇಂದ್ರಮ್ಮನ ಜೊತೆ ಮೂರು ಹಸು ಕರೆದು, ಡೈರಿಗೆ ಹಾಲು ಹಾಕಿ, ಒಂದು ಹೊರೆ ಹುಲ್ಲು ಕೊಯ್ದು, ಹತ್ತು ಗಂಟೆಗೆ ಮದ್ದೂರಿನ ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿಗಳ ಮುಂದೆ ಇಸ್ತ್ರಿ ಅಂಗಿಯಲ್ಲಿ ನಿಂತಿರುತ್ತಾನೆ. ನಾನು ಕಾಲೇಜಿನ ಹಿಂದಿನ ಬೀದಿಯಲ್ಲೇ ಮನೆ ಮಾಡಿಕೊಂಡು ಹತ್ತೂಕಾಲಿಗೆ ಬರುತ್ತೇನೆ.

ಹದಿನೆಂಟು ವರ್ಷದಿಂದ ‘ಸಂಶೋಧನಾ ವಿಧಾನ’ ನನ್ನ ಪಾಠ. ಒಂದೇ ನೋಟ್ಸು. ಸಂಶೋಧನೆ ಎಂದರೇನು, ಅದಕ್ಕೆ ಹದಿನೇಳು ವ್ಯಾಖ್ಯಾನ. ನಾನು ಓದುವುದು, ಅವರು ಬರೆದುಕೊಳ್ಳುವುದು. ‘ದತ್ತಾಂಶ’ ಎನ್ನುವ ಹೊತ್ತಿಗೆ ಹಿಂದಿನ ಬೆಂಚು ಮಲಗಿರುತ್ತಿತ್ತು, ‘ಪ್ರಾಕ್ಕಲ್ಪನೆ’ ಎನ್ನುವ ಹೊತ್ತಿಗೆ ನನಗೂ ತೂಕಡಿಕೆ. ಇದೇ ಉನ್ನತ ಶಿಕ್ಷಣವೆಂದು ನಾವಿಬ್ಬರೂ, ಎಂದರೆ ನಾನು ಮತ್ತು ಬೆಂಚು, ಒಪ್ಪಿಕೊಂಡಿದ್ದೆವು.

ಹೋದ ವರ್ಷ ಮೌಲ್ಯಮಾಪನಕ್ಕೆಂದು ನಾನು ಇಪ್ಪತ್ತು ದಿನ ಮಂಡ್ಯಕ್ಕೆ ಓಡಾಡುತ್ತಿದ್ದಾಗ ಪ್ರಿನ್ಸಿಪಾಲರು ಆ ಪಾಠವನ್ನು ತಾತ್ಕಾಲಿಕವಾಗಿ ಯತೀಶನಿಗೆ ಕೊಟ್ಟರು. ಹಿಂತಿರುಗಿದಾಗ ವಿದ್ಯಾರ್ಥಿಗಳು ಅರ್ಜಿ ಕೊಟ್ಟಿದ್ದರು, ಪಾಠ ಯತೀಶನ ಹತ್ತಿರವೇ ಇರಲಿ ಎಂದು. ಪ್ರಿನ್ಸಿಪಾಲರು ಒಪ್ಪಿಯೂ ಆಗಿತ್ತು. ಅರ್ಜಿಯ ಕೆಳಗೆ ಇಪ್ಪತ್ತೆರಡು ಸಹಿ. ತರಗತಿಯಲ್ಲಿ ಇರುವವರೇ ಇಪ್ಪತ್ತೆರಡು. ಒಬ್ಬನಾದರೂ ಜ್ವರ ಬಂದು ಮಲಗಬಾರದಿತ್ತೆ?

ಅವನು ಏನು ಮಾಡುತ್ತಾನೆಂದು ಕಾರಿಡಾರಿನಲ್ಲಿ ನಿಂತು ಕೇಳಿಸಿಕೊಂಡೆ. ನೋಟೀಸು ಬೋರ್ಡು ಓದುವ ನೆಪ. ಒಂದೇ ನೋಟೀಸನ್ನು ಎಷ್ಟು ಸಲ ಓದಿದೆನೆಂದರೆ ಹಾಸ್ಟೆಲ್ಲಿನ ಊಟದ ಸಮಯ ನನಗೆ ಬಾಯಿಪಾಠವಾಯಿತು. ಅವನು ವ್ಯಾಖ್ಯಾನವನ್ನೇ ಹೇಳುತ್ತಿರಲಿಲ್ಲ. “ನಾಳೆ ಪಕ್ಕದ ಮನೆಯವರನ್ನ ಕೇಳ್ಕಂಡ್ ಬನ್ನಿ, ನಿಮ್ಮ ಹಸ ಎಷ್ಟು ಕರೀತದೆ ಅಂತ. ಆಮೇಲೆ ಡೈರಿ ತಾವ ನಿಂತ್ಕಂಡು ಅವರು ಎಷ್ಟು ಹಾಕ್ತಾರೆ ನೋಡಿ” ಎಂದ.

ಮಾರನೆಯ ದಿನ ತರಗತಿಯಲ್ಲಿ ಜಾತ್ರೆಯ ಗದ್ದಲ. ನಾಲ್ಕು ಲೀಟರೆಂದವರು ಡೈರಿಗೆ ಏಳು ಹಾಕಿದ್ದರು. ಐದೆಂದವರು ಒಂಬತ್ತು. ನಮ್ಮ ಕಡೆ ಹಸುವಿನ ಹಾಲನ್ನು ಯಾವ ಹೆಂಗಸು ತಾನೆ ಇದ್ದಷ್ಟು ಹೇಳುತ್ತಾಳೆ? ಕಣ್ಣು ಬೀಳುತ್ತದೆ. ಯತೀಶ್ ಪ್ರಶ್ನೆಯನ್ನೇ ತಿರುಗಿಸಿ ಕೇಳಲು ಹೇಳಿಕೊಟ್ಟ. “ಎಷ್ಟು ಕರೀತದೆ ಅನ್ಬೇಡಿ. ಈಚೆಗೆ ಎಷ್ಟು ಕಮ್ಮಿ ಆಯ್ತವ್ವಾ ಅನ್ನಿ.” ಹಾಗೆ ಕೇಳಿದರೆ, “ಅಯ್ಯೋ, ಹತ್ತು ಕರೀತಿತ್ತು ಕಣಪ್ಪಾ, ಈಗ ಎಂಟಕ್ಕೆ ಇಳ್ದದೆ” ಎಂದು ತಾವಾಗೇ ಎರಡೂ ಅಂಕಿ ಹೇಳುತ್ತಾರಂತೆ.

ನನ್ನ ಪಿಎಚ್.ಡಿ. ವಿಷಯ ಹೈನುಗಾರಿಕೆ. ಈ ಒಂದು ಪ್ರಶ್ನೆ ನನಗೆ ಆರು ವರ್ಷದಲ್ಲಿ ಹೊಳೆದಿರಲಿಲ್ಲ.

ಅಂದಿನಿಂದ ಎದೆಯ ಕೆಳಗೆ ಏನೋ ಉರಿ. ಹೆಂಡತಿ ವೀಣ ಗ್ಯಾಸ್ಟ್ರಿಕ್ ಎಂದು ಮಜ್ಜಿಗೆ ಕೊಟ್ಟಳು. ಮೂರನೆಯ ದಿನ, “ಅದೇನ್ರೀ, ಊಟಕ್ಕೆ ಕೂತಾಗೆಲ್ಲ ಆ ಯತೀಶನ ಸುದ್ದಿ? ಇದು ಮಜ್ಜಿಗೆಗೆ ಹೋಗೋ ಉರಿ ಅಲ್ಲ ಬುಡಿ” ಎಂದು ಲೋಟ ಎತ್ತಿಕೊಂಡು ಹೋದಳು.

ನಾನು ಅವನ ತಪ್ಪು ಹುಡುಕಲು ಕೂತೆ. ಅವನ ವಿದ್ಯಾರ್ಥಿಗಳು ಮಳವಳ್ಳಿ ಕಡೆಯ ಬೆಳಕವಾಡಿಗೆ ಹೋಗಿ ಪ್ರಶ್ನಾವಳಿ ತುಂಬಿಸಿ ತಂದಿದ್ದರು. ನೂರು ಫಾರಂ. ಯತೀಶ್ ಎಲ್ಲವನ್ನೂ ನೋಡಿ, ಚೆನ್ನಾಗಿವೆ ಎಂದು ಬೀರುವಿನಲ್ಲಿಟ್ಟಿದ್ದ. ಕೀಲಿ ಮುಖ್ಯಸ್ಥರ ಹತ್ತಿರ ಇರುತ್ತದೆ. ಒಂದು ಶನಿವಾರ ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ಒಂದೊಂದೇ ತೆಗೆದೆ.

ಎಂಬತ್ತು ಫಾರಂ ಹಳ್ಳಿಗೆ ಹೋಗಿ ಬಂದಿದ್ದವು. ಜೇಬಿನಲ್ಲಿ ಮಡಚಿದ ನಾಲ್ಕು ಮಡಿಕೆ, ಕಾಫಿ ಕಲೆ, ಒಂದರ ಮೇಲೆ ಕರು ನೆಕ್ಕಿದ ಗುರುತು. ನಡುವೆ ಪೆನ್ನು ನಿಂತುಹೋಗಿ ಬೇರೆ ಬಣ್ಣ. ಉಳಿದ ಇಪ್ಪತ್ತು ಮಡಿಕೆಯಿಲ್ಲದೆ ಮದುವೆ ಕಾಗದದಂತಿದ್ದವು. ನಾಲ್ಕು ‘ಹೌದು’ ಆದಮೇಲೆ ಒಂದು ‘ಇಲ್ಲ’, ಅದಾದ ಮೇಲೆ ಒಂದು ‘ಗೊತ್ತಿಲ್ಲ’. ಆ ತಾಳ ನನಗೆ ಎಲ್ಲೋ ಕೇಳಿದಂತಿತ್ತು. ಎಲ್ಲೋ ಏನು, ನನ್ನದೇ ತಾಳ. ನನ್ನ ಪ್ರಬಂಧದ ಮುನ್ನೂರು ಗ್ರಾಮೀಣ ಮಹಿಳೆಯರಲ್ಲಿ ನೂರಾಹತ್ತು ಮಂದಿ ಇನ್ನೂ ಹುಟ್ಟಿಯೇ ಇಲ್ಲ. ಒಂದು ಭಾನುವಾರ ನಮ್ಮ ನಡುಮನೆಯಲ್ಲಿ ವೀಣ, ನಾನು, ನನ್ನ ಭಾಮೈದ ಶಿವರಾಜು ಕಡಲೆಕಾಯಿ ತಿನ್ನುತ್ತ ಅವರೆಲ್ಲರ ಅಭಿಪ್ರಾಯವನ್ನು ತುಂಬಿದ್ದೆವು.

ಇಪ್ಪತ್ತನ್ನೂ ತಂದವಳು ಗಗನ ಎಂಬ ಹುಡುಗಿ. ಯತೀಶನ ಮೆಚ್ಚಿನ ವಿದ್ಯಾರ್ಥಿನಿ. ಆ ಮಧ್ಯಾಹ್ನದಷ್ಟು ಹಾಯಾಗಿ ನಾನು ಎಂದೂ ಮನೆಗೆ ನಡೆದಿರಲಿಲ್ಲ. ‘ಕ್ಷೇತ್ರಕಾರ್ಯದಲ್ಲಿ ನಕಲಿ ದತ್ತಾಂಶ, ಮೇಲ್ವಿಚಾರಣೆಯ ಲೋಪ’ ಎಂದು ಪತ್ರದ ಮೊದಲ ಸಾಲೂ ಸಿದ್ಧವಾಯಿತು. ಕಳಿಸುವ ಮುಂಚೆ ಅವನ ಮುಖ ನೋಡುವ ಆಸೆ. ಹೊಟ್ಟೆಕಿಚ್ಚಿನವನಿಗೆ ಗೆದ್ದರೆ ಸಾಲದು, ನೋಡಲೂ ಬೇಕು.

ಸೋಮವಾರ ಅವನ ಮುಂದೆ ಇಪ್ಪತ್ತನ್ನೂ ಹರಡಿದೆ. “ಇವು ಬೆಳಕವಾಡಿ ನೋಡಿಲ್ಲ ಕಣಯ್ಯಾ.”

ಒಂದೊಂದನ್ನೇ ತಿರುಗಿಸಿ ನೋಡಿದ. ಮುಖ ಬಾಡಲಿಲ್ಲ. “ನಾನು ಎರಡು ಸಲ ಓದಿದ್ದೆ ಸಾರ್, ಗೊತ್ತೇ ಆಗ್ನಿಲ್ಲ. ಎಂಗ್ ಕಂಡಿಡುದ್ರಿ?”

ಇಲ್ಲೇ ನಾನು ಕೆಟ್ಟೆ. ಎಂಟು ವರ್ಷದಲ್ಲಿ ಅವನು ನನ್ನನ್ನು ಏನನ್ನೂ ಕೇಳಿದವನಲ್ಲ. ಮಡಿಕೆ, ತಾಳ, ನಿಲ್ಲದ ಪೆನ್ನು, ಎಲ್ಲ ಬಿಡಿಸಿ ಹೇಳಿದೆ. ಸುಳ್ಳು ತುಂಬುವವನು ‘ಗೊತ್ತಿಲ್ಲ’ವನ್ನು ಉಪ್ಪಿನಂತೆ ಹದವಾಗಿ ಹಾಕುತ್ತಾನೆ, ನಿಜವಾದ ಹಳ್ಳಿಯಲ್ಲಿ ಅದು ಒಂದೇ ಮನೆಯಲ್ಲಿ ಹತ್ತು ಸಲ ಬರುತ್ತದೆ ಎಂದೂ ಹೇಳಿದೆ. ಹೇಳುತ್ತ ಹೇಳುತ್ತ ಎದ್ದು ನಿಂತಿದ್ದೆ. ಅವನು ಬರೆದುಕೊಳ್ಳುತ್ತಿದ್ದ. ತಾನು ಎಂದೂ ಸುಳ್ಳು ಫಾರಂ ತುಂಬದ್ದರಿಂದಲೇ ಅವನಿಗೆ ಇದು ಕಂಡಿರಲಿಲ್ಲ. ಇದಕ್ಕೂ ನನಗೆ ಹೊಟ್ಟೆ ಉರಿಯಿತು.

“ಸಾರ್, ಇದ ಕ್ಲಾಸಲ್ಲಿ ನೀವೇ ಹೇಳ್ಬುಡಿ” ಎಂದ.

ಮಾರನೆಯ ದಿನ ನೋಟ್ಸಿಲ್ಲದೆ ತರಗತಿಗೆ ಹೋದೆ. ಯತೀಶ್ ಹಿಂದಿನ ಬೆಂಚಿನಲ್ಲಿ ಕೂತ. ಹೆಸರು ಹೇಳದೆ ಫಾರಂಗಳನ್ನು ಹಂಚಿ, ಯಾವುದು ಸುಳ್ಳು ಹುಡುಕಿ ಎಂದೆ. ಯಾರೂ ಮಲಗಲಿಲ್ಲ. ಅರ್ಧ ಗಂಟೆಯಾದ ಮೇಲೆ ಗಗನ ಎದ್ದು ನಿಂತಳು. ಕಣ್ಣು ಕೆಂಪಗಿತ್ತು, ಬಾಯಿ ಮಾತ್ರ ಜೋರಾಗಿಯೇ ಇತ್ತು.

“ನಾನೇ ತುಂಬಿದ್ದು ಸಾರ್. ಮಳವಳ್ಳಿ ಬಸ್ಸು ತಪ್ಪೋಗ್ತಿತ್ತು. ಅದಿರ್ಲಿ, ಇಷ್ಟು ಕರಾರುವಾಕ್ಕಾಗಿ ನಿಮ್ಗೆ ಎಂಗ್ ಗೊತ್ತಾಯ್ತು?”

ಏನಾದರೂ ಒಂದು ವ್ಯಾಖ್ಯಾನ ಹೇಳಿ ಪಾರಾಗಬಹುದಿತ್ತು. ಹದಿನೇಳಿದ್ದವು. ಒಂದೂ ಬಾಯಿಗೆ ಬರಲಿಲ್ಲ.

“ನಾನೂ ತುಂಬಿದ್ದೀನಿ ಕಣಮ್ಮ. ನೂರಾಹತ್ತು.”

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ನಾನೂ ಸೇರಿ. ಯತೀಶ್ ಮಾತ್ರ ನಗದೆ, ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುವುತ್ತಿದ್ದ. ಗಗನ ಆ ಶನಿವಾರ ಮತ್ತೆ ಬೆಳಕವಾಡಿಗೆ ಹೋಗಿ ಇಪ್ಪತ್ತನ್ನೂ ತುಂಬಿಸಿಕೊಂಡು ಬಂದಳು. ಮಡಿಕೆ ಸಮೇತ.

ಯತೀಶನ ಮುಂದುವರಿಕೆಯ ಪತ್ರ ಇನ್ನೂ ಬರೆಯದೆ ಉಳಿದಿತ್ತು. ಆಡಳಿತ ಮಂಡಳಿಯ ಅಧ್ಯಕ್ಷ ಪುಟ್ಟಸ್ವಾಮಿಯವರು ಕೊಠಡಿಗೆ ಕರೆಸಿದರು. ಅಕ್ಕಿ ಗಿರಣಿಯವರು, ಅರ್ಧ ಕಣ್ಣು ಫೋನಿನಲ್ಲೇ ಇರುತ್ತದೆ.

“ಆ ಸಂಶೋಧನೆ ಪಾಠ ಯಾರ್ ಚೆನ್ನಾಗಿ ಮಾಡೋದು ಮೇಷ್ಟ್ರೇ? ನೀವೋ, ಆ ಯತೀಶನೋ?”

ನಕಲಿ ದತ್ತಾಂಶದ ಪತ್ರ ಜೇಬಿನಲ್ಲೇ ಇತ್ತು. ಗಗನಳ ಹೆಸರೂ ಅದರಲ್ಲಿತ್ತು. ಒಂದು ದಿನ ನಾನೂ ಚೆನ್ನಾಗಿಯೇ ಮಾಡಿದೆ ಎನ್ನಬಹುದಿತ್ತು, ಅದೂ ಸುಳ್ಳಲ್ಲ. ಆದರೆ ಕೇಳಿದ್ದು ಒಂದು ದಿನದ ಮಾತಲ್ಲ.

“ಯತೀಶನೇ” ಎಂದೆ.

“ಗೊತ್ತು ಬುಡಿ. ಊರೇ ಹೇಳ್ತದೆ” ಎಂದರು, ಫೋನಿನಿಂದ ತಲೆ ಎತ್ತದೆ. “ಬರುದ್ಕೊಡಿ ಅಂಗೇ.”

ಅಲ್ಲೇ ಕೂತು ಬರೆದುಕೊಟ್ಟೆ. ‘ಮುಂದುವರಿಸಬಹುದು’ ಎಂಬುದನ್ನು ‘ಮುಂದುವರಿಸಲೇಬೇಕು’ ಎಂದು ತಿದ್ದಿದೆ. ಆ ತಿದ್ದುಪಡಿಯನ್ನು ಯಾರೂ ಗಮನಿಸಲಿಲ್ಲ. ನಾಲ್ಕು ದಿನ ಕಾದೆ, ಯತೀಶ್ ಕೂಡ ಆ ಬಗ್ಗೆ ಏನೂ ಅನ್ನಲಿಲ್ಲ. ಇದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.